ಹತ್ತನೆಯ ದಿನದ ಕಾಗೆ ಮತ್ತು ಫಕೀರವ್ವನ ಸಹಿ

ನಾನು ಹಳಿಯಾಳದ ಹೈಸ್ಕೂಲೊಂದರಲ್ಲಿ ವಿಜ್ಞಾನ ಕಲಿಸುವವನು. ಹಲ್ಲಿ ಲೊಚಗುಟ್ಟಿದ್ದು, ಬೆಕ್ಕು ಅಡ್ಡ ಬಂದದ್ದು ಇವನ್ನೆಲ್ಲ ತರಗತಿಯಲ್ಲಿ ಗೇಲಿ ಮಾಡಿ ಮಕ್ಕಳನ್ನು ನಗಿಸಿದ್ದೇನೆ. ಸತ್ತವರಿಗಿಟ್ಟ ಪಿಂಡವನ್ನು ಕಾಗೆ ಮುಟ್ಟದಿದ್ದರೆ ಹೋದವರ ಮನಸ್ಸಿನಲ್ಲಿ ಏನೋ ಆಸೆ ಉಳಿದಿದೆ ಎನ್ನುವುದನ್ನಂತೂ ಎಷ್ಟೋ ಸಲ ಆಡಿಕೊಂಡಿದ್ದೇನೆ. ಕಾಗೆಗೆ ಹಸಿವಾದರೆ ಬರುತ್ತದೆ, ಇಲ್ಲದಿದ್ದರೆ ಇಲ್ಲ, ಅಷ್ಟೇ ಎನ್ನುತ್ತಿದ್ದೆ. ಈಗಲೂ ಹಾಗೆಯೇ ಎನ್ನುತ್ತೇನೆ, ಆದರೆ ದನಿ ಮೊದಲಿನಷ್ಟು ಗಟ್ಟಿಯಾಗಿ ಬರುವುದಿಲ್ಲ. ಅದಕ್ಕೆ ಕಾರಣವಾದ ಒಂದು ಬೆಳಗನ್ನು ಇದ್ದದ್ದು ಇದ್ದ ಹಾಗೆ ಬರೆಯುತ್ತೇನೆ. ಓದಿದವರು ನಕ್ಕರೆ ನನ್ನ ತಕರಾರಿಲ್ಲ.

ಮೊದಲು ಅಪ್ಪನ ವಿಷಯ. ಅಪ್ಪ ಬ್ಯಾಂಕಿನಲ್ಲಿ ಕ್ಲಾರ್ಕ್ ಆಗಿ ಸೇರಿ ಮ್ಯಾನೇಜರ್ ಆಗಿ ನಿವೃತ್ತರಾದವರು. ಕೊನೆಯ ಆರು ವರ್ಷ ಮುಂಡಗೋಡ ತಾಲೂಕಿನ ಒಂದು ಶಾಖೆಯಲ್ಲಿದ್ದರು. ಆಮೇಲೆ ಅವ್ವನೊಂದಿಗೆ ದಾಂಡೇಲಿಯ ಬಂಗೂರನಗರಕ್ಕೆ, ಅಣ್ಣನ ಮನೆಗೆ ಬಂದರು. ಅಣ್ಣನಿಗೆ ಕಾಗದದ ಕಾರ್ಖಾನೆಯಲ್ಲಿ ಕೆಲಸ. ಅಪ್ಪ ನಿವೃತ್ತರಾದದ್ದು ಹೆಸರಿಗೆ ಮಾತ್ರ. ಬೆಳಿಗ್ಗೆ ಒಂಬತ್ತಕ್ಕೆ ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಪಡಸಾಲೆಯಲ್ಲಿ ಕುಳಿತರೆ, "ಸಾಹೇಬ್ರ ಅದಾರೇನ್ರಿ?" ಎಂದು ಯಾರಾದರೂ ಬಂದೇ ಬರುತ್ತಿದ್ದರು. ಪಿಂಚಣಿ ಅರ್ಜಿ, ರೇಷನ್ ಕಾರ್ಡು, ಮಗಳ ಹಾಸ್ಟೆಲ್ ಫಾರ್ಮು ಎಲ್ಲವನ್ನೂ ಅವರೇ ತುಂಬಿಕೊಡಬೇಕು. ಊಟಕ್ಕೆ ಕರೆದು ಕರೆದು ಅವ್ವನ ಗಂಟಲು ಬತ್ತುತ್ತಿತ್ತು. ಹಾಗಂತ ಮನೆ ಮರೆತವರಲ್ಲ. ಅವ್ವನ ಕೈ ಮುರಿದಾಗ ಎರಡು ತಿಂಗಳು ದಿನಾ ಅವಳ ತಲೆ ಬಾಚಿ ಹೆರಳು ಹಾಕಿದವರು ಅವರೇ.

ಯಾರ ಮನೆಯಲ್ಲಿ ಸಾವಾದರೂ ಮೊದಲು ಹೋಗಿ ನಿಲ್ಲುತ್ತಿದ್ದವರೂ ಅಪ್ಪನೇ. ಕಟ್ಟಿಗೆ, ಮಡಿಕೆ, ಹಗ್ಗ, ಯಾರು ಮುಂದೆ ಯಾರು ಹಿಂದೆ, ಎಲ್ಲ ಅವರಿಗೆ ಗೊತ್ತು. ನಾಲ್ಕು ವರ್ಷದ ಹಿಂದೆ ಒಂದು ಬೆಳಿಗ್ಗೆ, ಸ್ನಾನ ಮಾಡಿ ಬಂದವರು ಎದೆ ಹಿಡಿದುಕೊಂಡು ಕುಳಿತು ಅರ್ಧ ತಾಸಿನಲ್ಲಿ ಹೋಗಿಬಿಟ್ಟರು. ಅಂಗಳದಲ್ಲಿ ಜನವೋ ಜನ, ಆದರೆ ಯಾರಿಗೂ ಏನು ಮಾಡಬೇಕೆಂದು ತಿಳಿಯಲಿಲ್ಲ. ಕಟ್ಟಿಗೆಯ ಮಾತು ಬಂದಾಗ ಯಾರೋ, "ಸಾಹೇಬ್ರನ್ನ ಒಂದ ಮಾತ ಕೇಳ್ರಿ," ಅಂದು, ಅರ್ಧಕ್ಕೇ ನಾಲಿಗೆ ಕಚ್ಚಿಕೊಂಡರು.

ನನಗೆ ಏನೂ ಅನಿಸಲಿಲ್ಲ. ಇದನ್ನು ಬರೆಯಲು ನಾಚಿಕೆಯಾಗುತ್ತದೆ, ಆದರೆ ನಿಜ. ಅಳು ಬರಲಿಲ್ಲ. ಹೇಳಿದ ಕೆಲಸ ಮಾಡಿದೆ, ಕೊಟ್ಟ ಚಹಾ ಕುಡಿದೆ. ಹಲ್ಲು ಕೀಳಿಸುವ ಮುಂಚೆ ವಸಡಿಗೆ ಸೂಜಿ ಚುಚ್ಚುತ್ತಾರಲ್ಲ, ಹಾಗೆ ಮೈಯೆಲ್ಲ ಜೋಮು ಹಿಡಿದಿತ್ತು.

ಇನ್ನೊಂದು ಮಾತು ಹೇಳದೆ ಮುಂದಿನದು ಅರ್ಥವಾಗುವುದಿಲ್ಲ. ಆಗ ನನಗೂ ಅಣ್ಣನಿಗೂ ಮೂರು ವರ್ಷದಿಂದ ಮಾತಿರಲಿಲ್ಲ. ಕಾರಣ ಅವನ ಮಗಳ ಲಗ್ನಪತ್ರಿಕೆ. ಹುಡುಗಿಯ ಸ್ವಂತ ಕಾಕಾ ನಾನು. ನನ್ನ ಹೆಸರನ್ನು ಬೀಗರ ಹೆಸರುಗಳೆಲ್ಲ ಮುಗಿದ ಮೇಲೆ, ಕಟ್ಟಕಡೆಗೆ, ಸಣ್ಣ ಅಕ್ಷರದಲ್ಲಿ ಹಾಕಿಸಿದ್ದ. ಮುದ್ರಣದವನ ತಪ್ಪು ಎಂದು ಅಣ್ಣ ಅಂದ. ನಾನು ಮದುವೆಗೆ ಹೋಗಲಿಲ್ಲ. ಅಪ್ಪ, "ಒಂದ ಕಾಗದಕ್ಕ ಇಷ್ಟ ಸಿಟ್ಟೇನೋ?" ಎಂದು ಬಹಳ ಸಲ ಕೇಳಿದರು. ನಾನು ಜಗ್ಗಲಿಲ್ಲ, ಅಣ್ಣನೂ ಜಗ್ಗಲಿಲ್ಲ.

ಹತ್ತನೆಯ ದಿನ ಬೆಳಿಗ್ಗೆ ಎಲ್ಲರೂ ಕಾಳಿ ನದಿಯ ದಂಡೆಗೆ ಹೋದೆವು. ಭಟ್ಟರು ಬಾಳೆ ಎಲೆಯಲ್ಲಿ ಪಿಂಡ ಇಡಿಸಿದರು. ನಾವು ಹಿಂದೆ ಸರಿದು ನಿಂತೆವು. ಎದುರಿನ ಮತ್ತಿ ಮರದಲ್ಲಿ ಐದಾರು ಕಾಗೆ ಕುಳಿತಿದ್ದವು. ಒಂದೂ ಇಳಿಯಲಿಲ್ಲ. ಹತ್ತು ನಿಮಿಷ, ಅರ್ಧ ತಾಸು, ಒಂದು ತಾಸು ಕಳೆಯಿತು. ದಾಂಡೇಲಿಗೆ ಜನ ದುಡ್ಡು ಕೊಟ್ಟು ಮಂಗಟ್ಟೆ ಹಕ್ಕಿ ನೋಡಲು ಬರುತ್ತಾರೆ. ನಮಗೆ ಬೇಕಾಗಿದ್ದದ್ದು ಒಂದು ಕಾಗೆ. ನಡುವೆ ಪ್ರವಾಸಿಗರ ರಬ್ಬರಿನ ದೋಣಿಯೊಂದು ತೇಲಿ ಹೋಯಿತು. ಹೆಲ್ಮೆಟ್ ಹಾಕಿದ ಹುಡುಗಿಯರು ನಮ್ಮತ್ತ ಕೈ ಬೀಸಿದರು. ತಲೆ ಬೋಳಿಸಿಕೊಂಡು ನಿಂತಿದ್ದ ನಾನು ಯೋಚಿಸದೆ ತಿರುಗಿ ಕೈ ಬೀಸಿದೆ.

"ಏನರ ಮನಸಿನ್ಯಾಗ ಉಳದಿರಬೇಕು. ಮಾತ ಕೊಡ್ರಿ," ಅಂದರು ಭಟ್ಟರು.

ಅಣ್ಣ ಮುಂದೆ ಹೋಗಿ ಕೈ ಮುಗಿದು, "ಅಪ್ಪಾ, ಅವ್ವನ್ನ ಛಲೋ ನೋಡ್ಕೋತೇನಿ, ಚಿಂತಿ ಮಾಡಬ್ಯಾಡ," ಅಂದ. ಕಾಗೆ ಬರಲಿಲ್ಲ. ಆಗ ಸೋದರಮಾವ ನಮ್ಮಿಬ್ಬರ ಮುಖ ನೋಡಿ, "ಇವರಿಬ್ಬರದಽ ಉಳದೈತಿ. ಕೂಡಿ ಅನ್ರಿ," ಅಂದ. ಅಲ್ಲಿದ್ದ ಎಲ್ಲರಿಗೂ ಅದೇ ಅನಿಸಿತ್ತು. ಅವ್ವ ನಮ್ಮನ್ನೇ ನೋಡುತ್ತಿದ್ದಳು. ನಾನು ಹೋಗಿ ಅಣ್ಣನ ಪಕ್ಕದಲ್ಲಿ ನಿಂತೆ. "ಇನ್ನ ಮುಂದ ನಾವಿಬ್ಬರೂ ಕೂಡಿ ಇರ್ತೇವಿ ಅಪ್ಪಾ," ಎಂದು ಇಬ್ಬರೂ ಒಟ್ಟಿಗೆ ಹೇಳಿದೆವು. ನಾನು ಬಾಯಿ ಮಾತಿಗೆ ಹೇಳಿದೆ. ಒಳಗೆ ಲಗ್ನಪತ್ರಿಕೆ ಹಾಗೇ ಇತ್ತು.

ಕಾಗೆಗಳು ಕದಲಲಿಲ್ಲ.

ಭಟ್ಟರಿಗೆ ಬೇರೆ ಕಡೆ ಹೋಗುವುದಿತ್ತು. ಇಂಥ ಹೊತ್ತಿನಲ್ಲಿ ದರ್ಭೆಯಲ್ಲಿ ಕಾಗೆ ಮಾಡಿ ಪಿಂಡಕ್ಕೆ ಮುಟ್ಟಿಸುವ ಪದ್ಧತಿ ಇದೆ. ಅವರು ದರ್ಭೆ ಹೊಸೆಯಲು ಶುರುಮಾಡಿದ್ದೇ ತಡ, ಅವ್ವ, "ಹುಲ್ಲಿನ ಕಾಗಿ ಬ್ಯಾಡ್ರಿ ಭಟ್ರ. ಖರೇ ಕಾಗಿ ಮುಟ್ಟೂ ತನಕಾ ನಾ ಇಲ್ಲಿಂದ ಏಳೂದಿಲ್ಲ, ಬಾಯಾಗ ನೀರೂ ಹಾಕೂದಿಲ್ಲ," ಅಂದಳು. ಅವಳಿಗೆ ಸಕ್ಕರೆ ಕಾಯಿಲೆ. ಹಿಂದಿನ ರಾತ್ರಿಯಿಂದ ಏನೂ ತಿಂದಿರಲಿಲ್ಲ. ಹಣೆಯಲ್ಲಿ ಬೆವರು ಮೂಡಿತ್ತು. ಅಣ್ಣನ ಹೆಂಡತಿ, ನಮ್ಮ ವೈನಿ, ಬಿಸ್ಕೀಟು ಹಿಡಿದುಕೊಂಡು ಬೇಡಿಕೊಂಡರೂ ಬಾಯಿ ತೆರೆಯಲಿಲ್ಲ. ಒಂದು ಹಕ್ಕಿಯ ದೆಸೆಯಿಂದ ಅವ್ವನೂ ಹೋಗುತ್ತಾಳೇನೋ ಎಂಬ ವಿಚಾರ ಬಂತು. ಆ ವಿಚಾರಕ್ಕೂ ನನಗೆ ಹೆದರಿಕೆ ಆಗಲಿಲ್ಲ.

ಅಷ್ಟರಲ್ಲಿ ರಸ್ತೆಯ ಕಡೆಯಿಂದ ಇಬ್ಬರು ಹೆಂಗಸರು ಇಳಿದು ಬಂದರು. ಮುಂಡಗೋಡದ ಕಡೆಯ ಚಿಗಳ್ಳಿಯವರು. ನಸುಕಿನಲ್ಲೇ ಹೊರಟು ಎರಡು ಬಸ್ಸು ಬದಲಿಸಿ ಬಂದಿದ್ದರು. ಹಿರಿಯಳ ಹೆಸರು ಫಕೀರವ್ವ. ಆ ಭಾಗದಲ್ಲಿದ್ದಾಗ ಅಪ್ಪ ಸ್ವಸಹಾಯ ಸಂಘದ ಹೆಂಗಸರಿಗೆ ಸಹಿ ಮಾಡುವುದನ್ನು ಕಲಿಸುತ್ತಿದ್ದರು, ನಿವೃತ್ತಿಯ ನಂತರವೂ ತಿಂಗಳಿಗೊಮ್ಮೆ ಚೀಲದಲ್ಲಿ ಪಾಟಿ, ಬಳಪ ಇಟ್ಟುಕೊಂಡು ಹೋಗುತ್ತಿದ್ದರು. ಹೆಬ್ಬೆಟ್ಟು ಅನ್ನುವ ಮಾತೇ ಅವರಿಗೆ ಆಗುತ್ತಿರಲಿಲ್ಲ. ಅಷ್ಟು ನಮಗೂ ಗೊತ್ತಿತ್ತು, ಹೆಸರುಗಳು ಗೊತ್ತಿರಲಿಲ್ಲ.

ಕಾಗೆ ಮುಟ್ಟಿಲ್ಲ ಎಂದು ಯಾರೋ ಅವಳಿಗೆ ಹೇಳಿದರು. ಫಕೀರವ್ವ ಯಾರನ್ನೂ ಕೇಳಲಿಲ್ಲ. ಎಲೆಯಿಂದ ನಾಲ್ಕು ಮಾರು ದೂರದಲ್ಲಿ, ಹಸಿ ಉಸುಕಿನ ಮೇಲೆ ಕುಕ್ಕರಗಾಲಿನಲ್ಲಿ ಕುಳಿತು, ಬೆರಳಿನಿಂದ ಏನೋ ಬರೆದಳು. ಬಹಳ ಹೊತ್ತು ಹಿಡಿಯಿತು. ಬರೆದು, ಎದುರಿಗೆ ಮನುಷ್ಯರು ಕುಳಿತಿದ್ದಾರೇನೋ ಎಂಬಂತೆ ಮೆಲ್ಲಗೆ, "ಸಾಹೇಬ್ರ, ನೋಡ್ರಿ. ಈ ಸಲ ವತ್ತು ಬಿಟ್ಟಿಲ್ರಿ," ಅಂದಳು.

ಅವಳು ಇನ್ನೂ ಎದ್ದಿರಲಿಲ್ಲ. ಮರದಿಂದ ಒಂದು ಕಾಗೆ ಇಳಿಯಿತು. ಎಲೆಯ ಹತ್ತಿರ ನೇರವಾಗಿ ಹೋಗಲಿಲ್ಲ. ಉಸುಕಿನ ಮೇಲಿನ ಆ ಅಕ್ಷರಗಳ ಪಕ್ಕದಲ್ಲಿ ಕುಳಿತು ತಲೆ ಓರೆ ಮಾಡಿತು. ಆಮೇಲೆ ಕುಪ್ಪಳಿಸಿ ಹೋಗಿ ಪಿಂಡಕ್ಕೆ ಕೊಕ್ಕು ಹಾಕಿತು. ಹಿಂದೆಯೇ ಉಳಿದವೂ ಬಂದವು.

ವೈನಿ ಅವ್ವನ ಬಾಯಿಗೆ ಬಿಸ್ಕೀಟು ಇಟ್ಟಳು. ನಾನು ಹೋಗಿ ನೋಡಿದೆ. "ಫಕೀರವ್ವ" ಎಂದು ಸೊಟ್ಟಸೊಟ್ಟಗೆ ಬರೆದಿತ್ತು. ವ ಅಕ್ಷರದ ಕೆಳಗೆ ಒತ್ತು ಇತ್ತು.

ಊಟವಾದ ಮೇಲೆ ಅವಳು ಅವ್ವನಿಗೆ ಹೇಳಿದ್ದಿಷ್ಟು. ಹತ್ತು ಸಲ ಕಲಿಸಿದರೂ ಅವಳು ಒತ್ತು ಬಿಟ್ಟು "ಫಕೀರವ" ಎಂದೇ ಬರೆಯುತ್ತಿದ್ದಳಂತೆ. ಕೊನೆಯ ಸಲ ಬಂದಾಗ ಅಪ್ಪ ನಗುತ್ತ, "ಮುಂದಿನ ಸಲ ನಿನ್ನ ಪೂರಾ ಸಹಿ ನೋಡದ ನಾ ಹೋಗೂದಿಲ್ಲ ನೋಡವಾ," ಅಂದಿದ್ದರಂತೆ. ಆ ಮುಂದಿನ ಸಲ ಬರಲೇ ಇಲ್ಲ.

ನಾನು ಸುಮ್ಮನೆ ಒಪ್ಪಿಕೊಳ್ಳುವವನಲ್ಲ. ಆಕೆ ಬಂದಾಗ ನಾವೆಲ್ಲ ಆಚೆ ತಿರುಗಿದೆವು, ಕಾಗೆಗೆ ಧೈರ್ಯ ಬಂತು ಎಂದುಕೊಂಡೆ. ಅದನ್ನು ಪರೀಕ್ಷಿಸಲು ಮರುವಾರ ಮೂರು ದಿನ ಅದೇ ಹೊತ್ತಿಗೆ, ಅದೇ ಜಾಗದಲ್ಲಿ ಅನ್ನದ ಉಂಡೆ ಇಟ್ಟು, ಪಕ್ಕದಲ್ಲೇ ನಿಂತೆ. ಮೂರು ದಿನವೂ ಒಂದು ನಿಮಿಷದೊಳಗೆ ಕಾಗೆ ಬಂತು. ಹಾಗಾದರೆ ಅಂದು ಒಂದು ತಾಸು ಯಾಕೆ ಬರಲಿಲ್ಲ? ಗೊತ್ತಿಲ್ಲ. ಉತ್ತರ ಸಿಗದ ಪ್ರಶ್ನೆಯನ್ನು ಮಕ್ಕಳಿಗೆ ಹೇಗೆ ಬಿಡಿಸಿ ಹೇಳಲಿ? ಅದಕ್ಕೇ ತರಗತಿಯಲ್ಲಿ ಈಗ ಕಾಗೆಯ ಮಾತು ಎತ್ತುವುದಿಲ್ಲ.

ಹತ್ತು ಜನರೆದುರು ಮಾತು ಕೊಟ್ಟ ಮೇಲೆ ನಡೆದುಕೊಳ್ಳಲೇಬೇಕಾಯಿತು. ನಾನೂ ಅಣ್ಣನೂ ಈಗ ಹಬ್ಬಕ್ಕೆ ಹೋಗಿ ಬಂದು ಮಾಡುತ್ತೇವೆ, ಫೋನು ಮಾಡುತ್ತೇವೆ. ಸಾಹೇಬರ ಮಕ್ಕಳು ಸಾಹೇಬರ ಹೆಸರು ಉಳಿಸಿದರು ಎಂದು ಬಂಗೂರನಗರದಲ್ಲಿ ಹೇಳುತ್ತಾರಂತೆ.

ಹೋದ ತಿಂಗಳು ಅಣ್ಣ ಹಳಿಯಾಳಕ್ಕೆ ಬಂದಿದ್ದ. ನಮ್ಮಲ್ಲೇ ಉಂಡ. ಬಸ್ ಸ್ಟ್ಯಾಂಡಿನವರೆಗೆ ಕಳಿಸಲು ಹೋದೆ. ದಾಂಡೇಲಿ ಬಸ್ಸನ್ನು ಇನ್ನೂ ಪ್ಲಾಟ್‌ಫಾರ್ಮಿಗೆ ಹಚ್ಚಿರಲಿಲ್ಲ. ಅವನು ಕಲ್ಲಿನ ಬೆಂಚಿನ ಮೇಲೆ ಕುಳಿತು, ನನ್ನ ಮುಖ ನೋಡದೆ, "ತಮ್ಮಾ, ಅವತ್ತ ದಂಡಿ ಮ್ಯಾಲೆ ನೀ ಖರೇ ಮನಸಿನಿಂದ ಅಂದಿದ್ದೇನು?" ಎಂದು ಕೇಳಿದ.

"ಹೂಂ," ಅಂದೆ.

"ನಾ ಅಂದಿರಲಿಲ್ಲೋ. ನನ್ನ ಸಲುವಾಗೇ ಅಪ್ಪ ಬರಲಿಲ್ಲ ಅಂತ ನಾಕ ವರ್ಷಾತು, ನಿದ್ದಿನಽ ಹತ್ತೂದಿಲ್ಲ ನನಗ."

ಬಸ್ಸು ಬಂತು. ಅವನ ಚೀಲವನ್ನು ಕಿಟಕಿಯಿಂದ ಒಳಗೆ ಕೊಟ್ಟೆ. ನಾನೂ ಅಂದಿರಲಿಲ್ಲ ಎಂದು ಅವನಿಗೆ ಇವತ್ತಿನವರೆಗೂ ಹೇಳಿಲ್ಲ.