ಧ್ಯಾನ ಮುಗಿದ ಮೇಲೆ ನೋಡಿದ ಬಿಪಿ

ನಿವೃತ್ತಿಗೆ ಮೂರು ವರ್ಷ ಉಳಿದಿದ್ದಾಗ ನಾನು ಶಿರ್ತಾಡಿ ಕಡೆಯ ಒಂದು ಆರೋಗ್ಯ ಉಪಕೇಂದ್ರದಲ್ಲಿ ನರ್ಸ್ ಆಗಿದ್ದೆ. ಬುಧವಾರ ಬಿಪಿ ನೋಡುವ ದಿನ. ತರಬೇತಿಯೊಂದರಲ್ಲಿ ಧ್ಯಾನ ಕಲಿತಿದ್ದ ನಾನು, ಬಂದವರನ್ನು ಜಗಲಿಯಲ್ಲಿ ಕೂರಿಸಿ ಇಪ್ಪತ್ತು ನಿಮಿಷ ಉಸಿರು ಗಮನಿಸಲು ಹೇಳುತ್ತಿದ್ದೆ. ಅದು ಮುಗಿದ ಮೇಲೆಯೇ ತೋಳಿಗೆ ಪಟ್ಟಿ ಕಟ್ಟುತ್ತಿದ್ದೆ. ಸ್ಕೂಟರಿನಲ್ಲಿ ನನ್ನನ್ನು ಬಿಡಲು ಬರುತ್ತಿದ್ದ ನನ್ನ ಯಜಮಾನರೂ ಕೊನೆಯ ಸಾಲಿನಲ್ಲಿ ಕೂರುತ್ತಿದ್ದರು; ಅವರಿಗೂ ಬಿಪಿ ಇತ್ತು.

ಹಲವರಿಗೆ ಒಳ್ಳೆಯ ನಿದ್ದೆ ಬರತೊಡಗಿತು. ಅತ್ತೆಯ ಸಿಡಿಮಿಡಿ ಕಡಿಮೆಯಾಗಿದೆ ಎಂದು ಒಬ್ಬ ಸೊಸೆ ಹೇಳಿದಳು. ಬೀಡಿ ಕಟ್ಟುವ ಕಮಲಕ್ಕನ ಚೀಟಿಯಲ್ಲಿ ವಾರ ವಾರವೂ ೧೪೦ರೊಳಗೆ ಬರೆದೆ. ಹೆಮ್ಮೆಯಿಂದಲೇ ಬರೆದೆ.

ಒಂದು ಬುಧವಾರ ಸ್ಕೂಟರ್ ಪಂಕ್ಚರ್ ಆಗಿ ತಡವಾಯಿತು. ಕಟ್ಟಿದ ಬೀಡಿಯನ್ನು ಡಿಪೋಗೆ ಕೊಡಲು ಹೋಗುವವರಿಗೆ ಅವಸರವಿತ್ತು. ಹಾಗಾಗಿ ಧ್ಯಾನಕ್ಕೆ ಮೊದಲೇ ಬಿಪಿ ನೋಡಿದೆ. ಕಮಲಕ್ಕನದ್ದು ೧೯೦/೧೧೦. ಯಂತ್ರ ಕೆಟ್ಟಿರಬೇಕೆಂದು ನನ್ನದನ್ನು ನೋಡಿಕೊಂಡೆ. ಯಂತ್ರ ಸರಿಯಿತ್ತು.

“ತಲೆನೋವು ಉಂಟಾ ಕಮಲಕ್ಕ?”

“ಸ್ವಲ್ಪ ಉಂಟು. ಬೆಳಿಗ್ಗೆಯಿಂದ ಎಡಗೈಯಲ್ಲಿ ಎಲೆ ಹಿಡೀಲಿಕ್ಕೆ ಆಗುದಿಲ್ಲ. ಧ್ಯಾನ ಆಗಿ ನೋಡಿ ಸಿಸ್ಟರ್, ಕಮ್ಮಿ ಬರ್ತದೆ.”

“ಬಿಪಿ ಮಾತ್ರೆ?”

“ಅದು ಬಿಟ್ಟು ತಿಂಗಳಾಯ್ತು. ಎಲ್ಲ ಸರಿ ಉಂಟು ಅಂತ ನೀವೇ ಬರೆದದ್ದಲ್ವಾ?”

ಆಟೋದಲ್ಲಿ ಮೂಡುಬಿದಿರೆಯ ಆಸ್ಪತ್ರೆಗೆ ಹೊರಟೆವು. ನನ್ನ ಬೆರಳನ್ನು ಅವರ ಎಡಗೈಯಲ್ಲಿ ಇಟ್ಟು, ಬಿಗಿಯಾಗಿ ಹಿಡಿಯಿರಿ ಎಂದೆ. ಪ್ರತಿ ತಿರುವಿನಲ್ಲೂ ಹಿಡಿತ ಸಡಿಲವಾಗುತ್ತಿದೆ ಎನಿಸುತ್ತಿತ್ತು. “ಇವತ್ತಿನ ಬೀಡಿ ಯಾರು ಕೊಡುದು?” ಎಂದು ಅವರು ಕೇಳುತ್ತಲೇ ಇದ್ದರು.

ಮೆದುಳಿನ ರಕ್ತನಾಳದಲ್ಲಿ ತಡೆ, ಸಮಯಕ್ಕೆ ತಂದಿದ್ದೀರಿ ಎಂದರು ಡಾಕ್ಟರು. ನಾನು ಬಿಪಿ ನೋಡುತ್ತಿದ್ದ ಕ್ರಮವನ್ನು ಕೇಳಿ, “ಆಗಷ್ಟೇ ಧ್ಯಾನ ಮುಗಿಸಿದವರ ಬಿಪಿಯನ್ನು ದಿನವಿಡೀ ಇರುವ ಬಿಪಿ ಅಂತ ತಿಳಿದ್ರೆ ಹೇಗೆ?” ಎಂದರು.

ಮನೆಗೆ ಬಂದವಳೇ ಯಜಮಾನರ ಮಾತ್ರೆಯ ಡಬ್ಬ ತೆಗೆದೆ. ಅದು ತುಂಬಿತ್ತು.

“ಬಿಪಿ ಚೆಂದ ಉಂಟು ಅಂತ ನೀನೇ ಹೇಳಿದ್ದಲ್ವಾ ಮಾರಾಯ್ತಿ?” ಎಂದು ಅವರು ನಕ್ಕರು. ಅಂದಿನಿಂದಲೇ ಮತ್ತೆ ಶುರು ಮಾಡಿಸಿದೆ.

ಕಮಲಕ್ಕ ಚೇತರಿಸಿಕೊಂಡರು. ಯಜಮಾನರು ಕಳೆದ ವರ್ಷ ಹೃದಯಾಘಾತದಿಂದ ಹೋದರು. ಮಾತ್ರೆ ಬಿಟ್ಟ ಆ ದಿನಗಳೇ ಕಾರಣವೇ ಎಂದು ಡಾಕ್ಟರನ್ನು ಎರಡು ಸಲ ಕೇಳಿದೆ. ಹೇಳಲಿಕ್ಕೆ ಆಗುವುದಿಲ್ಲ ಎಂದರು, ಎರಡು ಸಲವೂ.

ನನಗೂ ಈಗ ಬಿಪಿ ಮಾತ್ರೆ ಶುರುವಾಗಿದೆ. ಬೆಳಿಗ್ಗೆ ಧ್ಯಾನಕ್ಕೆ ಈಗಲೂ ಕೂರುತ್ತೇನೆ. ಎದೆ ಸ್ವಲ್ಪ ಹಗುರಾಗುತ್ತದೆ. ಕೆಲವು ದಿನ ಕಣ್ಣು ಮುಚ್ಚಿದೊಡನೆ ಗಾಬರಿಯಾಗುತ್ತದೆ; ಆಗ ಹಟ ಮಾಡದೆ ಎದ್ದುಬಿಡುತ್ತೇನೆ. ಧ್ಯಾನ ಮಾತ್ರೆಯ ಜೊತೆಗೆ ಇರಬೇಕಾದದ್ದು, ಮಾತ್ರೆಯ ಬದಲಿಗೆ ಅಲ್ಲ. ಇದನ್ನು ನಾನು ಮೊದಲ ಬುಧವಾರವೇ ಜಗಲಿಯಲ್ಲಿ ಹೇಳಬೇಕಿತ್ತು.

ಕಮಲಕ್ಕ ಆಗಾಗ ಬೆಳಿಗ್ಗೆ ಫೋನ್ ಮಾಡುತ್ತಾರೆ. ಮೊದಲ ಮಾತು ಒಂದೇ: “ಸಿಸ್ಟರ್, ಮಾತ್ರೆ ತಕೊಂಡ್ರಾ?”