ಏಳೆಳೆಯ ಹೂವು

ಎದುವಿನಾ ಕಂಪಿಯಾಯ್‌ಳಷ್ಟು ಜುಗ್ಗಿ ಈ ಕಣಿವೆಯಲ್ಲೇ ಇನ್ನೊಬ್ಬಳಿಲ್ಲ ಎಂದು ನೆರೆಯವರು ಆಡಿಕೊಳ್ಳುತ್ತಿದ್ದರು. ಅದಕ್ಕೆ ಕಾರಣ ದಾರ. ಅಟಕಾಮದ ಮರಳುಗಾಡಿನಲ್ಲಿ ಸತ್ತವರಿಗೆ ಕಾಗದದ ಹೂವೇ ಗತಿ. ಮೇಕೆ ಮೇಯಿಸುವ ಎದುವಿನಾ ಬಿಡುವಾದಾಗ ಆ ಹೂವು ಕಟ್ಟುತ್ತಿದ್ದಳು. ಉಳಿದ ಹೆಂಗಸರು ಕೇಸರಕ್ಕೆಂದು ಹೂವಿನ ನಡುವೆ ಹಳದಿ ದಾರವನ್ನು ಕುಚ್ಚುಕುಚ್ಚಾಗಿ ತುರುಕಿದರೆ, ಇವಳ ಪುಟ್ಟ ನೇರಳೆ ಹೂವಿನಲ್ಲಿ ಎಣಿಸಿ ಏಳೇ ಎಳೆ.

"ಏನೇ ಗೆಳತಿ, ಮಿಕ್ಕ ದಾರದಲ್ಲಿ ಕೋಟು ಹೆಣೀತೀಯಾ?" ಎಂದು ಪಕ್ಕದ ಮನೆಯ ರೊಸಾಲ್ಬಾ ಚುಚ್ಚುವಳು.

"ಮೇಲಿನ ಕೊರಕಲಿನ ಹೂವಿಗೆ ಇರೋದೇ ಏಳು. ಇದ್ದಷ್ಟು ಹಾಕಿದೀನಿ."

"ಅದೂ ನಾವೆಲ್ಲ ಕಟ್ಟೋ ಗ್ವಾನಾಕೊ-ಪಾದದ ಹೂವೇ ಕಣೆ. ಹೊಟ್ಟೆಗಿಲ್ದೆ ಸೊರಗಿದೆ ಅಷ್ಟೆ."

"ಅಲ್ಲ. ಅದು ಬೇರೆ."

ತೋರಿಸೋಣವೆಂದರೆ ಅದು ಮಳೆ ಬಂದ ವರ್ಷವಷ್ಟೇ ಅರಳುವ ಹೂವು. ಕಿತ್ತು ತಂದರೆ ದಾರಿಯಲ್ಲೇ ಕರಗಿ ಲೋಳೆಯಾಗುತ್ತಿತ್ತು. ಕೊರಕಲು ಹತ್ತಿ ನೋಡುವ ವ್ಯವಧಾನ ಯಾರಿಗೂ ಇರಲಿಲ್ಲ. ಹೀಗೆ ಮೂವತ್ತು ವರ್ಷ ಕಳೆಯಿತು.

ಅವಳಿಗೆ ಎಪ್ಪತ್ತಾರು ತುಂಬಿದ ವರ್ಷ ಮಳೆ ಬಂತು. ಗಿಡಗಳ ಮೇಲೆ ದೊಡ್ಡ ಓದು ಓದಿದ ಮೈತೆ ಎಂಬಾಕೆ ಮರಳುಗಾಡಿನ ಹೂವು ನೋಡಲು ಬಂದವಳು, ಮೇಕೆ ಹಾಲಿನ ಚೀಸ್ ಕೊಳ್ಳಲು ಎದುವಿನಾಳ ಬಾಗಿಲಿಗೆ ಬಂದಳು. ಗೋಡೆಯ ಮೇಲಿನ ಕಾಗದದ ಹೂವು ಕಣ್ಣಿಗೆ ಬಿತ್ತು.

"ಚೆನ್ನಾಗಿದೆಯಮ್ಮ. ಕೇಸರ ಮಾತ್ರ ಕಮ್ಮಿಯಾಯ್ತು. ಈ ಜಾತೀಲಿ ಏಳರದ್ದು ಯಾವ ಪುಸ್ತಕದಲ್ಲೂ ಇಲ್ಲ."

"ಕೇಳಿಸ್ತೇನೇ?" ಎಂದು ಬೇಲಿಯಾಚೆಯಿಂದ ರೊಸಾಲ್ಬಾ ನಕ್ಕಳು. "ಈಗ ಓದಿದೋರೂ ಹೇಳಿದ್ರು."

ಎದುವಿನಾ ಟೋಪಿ ಎತ್ತಿಕೊಂಡಳು. "ಪುಸ್ತಕ ಬರೆದೋರು ನಮ್ಮ ಕೊರಕಲು ಹತ್ತಿದ್ರಾ? ನಡೀರಿ. ನೀನೂ ಬಾರೆ. ಮುಂದಿನ ಮಳೆವರೆಗೂ ನನ್ನ ಮಂಡಿ ಕಾಯಲ್ಲ. ಇವತ್ತು ಸೋತ್ರೆ, ನಿನ್ನ ಹಂಗೆ ಕುಚ್ಚೇ ತುರುಕ್ತೀನಿ."

ಕೋಲೂರಿ, ಹತ್ತು ಹೆಜ್ಜೆಗೊಮ್ಮೆ ನಿಂತು ಹತ್ತಿದಳು. ಮೇಲೆ ಹೋಗಿ ನೋಡಿದರೆ ಎಲ್ಲವೂ ಬರೀ ಮೊಗ್ಗು.

"ನಿನ್ನ ಹೂವು ಇನ್ನೂ ಹಾಸಿಗೆ ಬಿಟ್ಟೆದ್ದಿಲ್ಲ" ಎಂದಳು ರೊಸಾಲ್ಬಾ.

"ಬಿಸಿಲು ನೆತ್ತಿಗೆ ಬರಲಿ."

ಮೂವರೂ ಬಂಡೆಯ ಮೇಲೆ ಕುಳಿತರು. ಬಿಸಿಲು ನೆತ್ತಿಗೇರಿತು. ಗಂಟಿಕ್ಕಿದ ಹುಬ್ಬು ಸಡಿಲಾದಂತೆ ಒಂದೊಂದೇ ಹೂವು ಬಿಚ್ಚಿಕೊಂಡಿತು. ಮೈತೆ ಮೊಣಕಾಲೂರಿ ಭೂತಗನ್ನಡಿ ಹಿಡಿದಳು. ಏಳು. ಪಕ್ಕದ್ದಕ್ಕೂ ಏಳು. ನಲವತ್ತು ಗಿಡ ನೋಡಿದಳು. ಆಮೇಲೆ ಎದ್ದು ನಿಲ್ಲದೆ ಮರಳಿನ ಮೇಲೇ ಕೂತುಬಿಟ್ಟಳು.

"ಎದುವಿನಾ ಅಮ್ಮ, ಇದನ್ನ ನಾನು ಎಲ್ಲೂ ಓದಿಲ್ಲ."

"ನಾನೂ ಓದಿಲ್ಲ ತಾಯಿ. ಎಣಿಸಿದೀನಿ."

ಇಳಿಯುವಾಗ ಎದುವಿನಾಳ ಕೋಲು ಹೆಗಲ ಮೇಲಿತ್ತು.

ಎರಡು ವರ್ಷದ ಮೇಲೆ ಮೈತೆಯ ಕಾಗದ ಬಂತು. ಅದು ಈವರೆಗೆ ಯಾರೂ ಗುರುತಿಸದ ಹೂವಂತೆ, ಅದಕ್ಕೆ ಕಂಪಿಯಾಯ್ ಮನೆತನದ ಹೆಸರನ್ನೇ ಇಟ್ಟಿದ್ದಾರಂತೆ. ಎದುವಿನಾ ಅದನ್ನು ರೊಸಾಲ್ಬಾಳಿಂದಲೇ ಓದಿಸಿದಳು. ಕಿವಿ ಸರಿಯಾಗಿ ಕೇಳಲಿಲ್ಲವೆಂದು ನೆವ ಹೇಳಿ ಮೂರು ಸಲ ಓದಿಸಿದಳು.

ಆ ಚಳಿಗಾಲದಲ್ಲೇ ಅವಳು ತೀರಿಕೊಂಡಳು. ಹೆಂಗಸರೆಲ್ಲ ಅವಳ ಅಂಗಳದಲ್ಲಿ ಸೇರಿ ನೇರಳೆ ಕಾಗದ ಕತ್ತರಿಸಿದರು. ರೊಸಾಲ್ಬಾ ಪ್ರತಿ ಹೂವನ್ನೂ ಕಣ್ಣ ಹತ್ತಿರ ಹಿಡಿದು ನೋಡಿದಳು.

"ಎಂಟು ಹಾಕಿದೀಯಲ್ಲೇ" ಎಂದು ಒಬ್ಬಳನ್ನು ಗದರಿಸಿ ಒಂದೆಳೆ ಕಿತ್ತಳು. "ಇದನ್ನ ನೋಡಿದ್ರೆ ಪೆಟ್ಟಿಗೆಯಿಂದ ಎದ್ದು ಬರ್ತಾಳೆ."

ಗಂಡಸರು ಹೆಗಲು ಕೊಟ್ಟರು. ಒಂದೊಂದಕ್ಕೂ ಏಳೇ ಎಳೆಯಿದ್ದ ಇನ್ನೂರು ಹೂಗಳನ್ನು ಹೊದ್ದು, ಎದುವಿನಾ ಹೊಸ್ತಿಲು ದಾಟಿದಳು.