ಅಕ್ಕನ ಪಾಲಿನ ಹಳದಿ ಪುಡಿ

ಸಿಂಧನೂರಿನ ನಮ್ಮ ಔಷಧಿ ಅಂಗಡಿಯಲ್ಲಿ ಖೋಟಾ ನೋಟು ಹಿಡಿಯುವ ನೀಲಿ ದೀಪವೊಂದಿದೆ. ನಿನ್ನೆ ಮಧ್ಯಾಹ್ನ ಕರೆಂಟು ಹೋಯಿತು. ಬಿಸಿಲಿಗೆಂದು ಶಟರ್ ಅರ್ಧ ಇಳಿಸಿದ್ದರಿಂದ ಒಳಗೆಲ್ಲ ಕತ್ತಲು. ಬ್ಯಾಟರಿಯ ಮೇಲೆ ಆ ದೀಪವೊಂದೇ ಉರಿಯುತ್ತಿತ್ತು. ಆಕಳಿಸಿದೆ. ಕಪಾಟಿನ ಗಾಜಿನಲ್ಲಿ ನನ್ನ ಮುಖವೇ ಕಾಣಲಿಲ್ಲ. ಹಳದಿಯಾಗಿ ಹೊಳೆಯುವ ಹಲ್ಲಿನ ಸಾಲೊಂದು ತೆರೆದು, ಮುಚ್ಚಿಕೊಂಡಿತು.

ಹೆದರಬೇಡಿ, ಇದಕ್ಕೆ ಕಾರಣ ನನಗೆ ಗೊತ್ತು. ಮೂವತ್ತಾರನೇ ವಯಸ್ಸಿನಲ್ಲಿ ದಿನಾ ಲಿಂಗಸುಗೂರಿನ ಬಸ್ಸು ಹತ್ತಿ, 'ಅಂಕಲ್' ಎಂದು ಕರೆಯುವ ಹುಡುಗರ ಪಕ್ಕ ಕೂತು ಫಾರ್ಮಸಿ ಓದಿದವನು ನಾನು. ಟೆಟ್ರಾಸೈಕ್ಲಿನ್ ಎಂಬ ಔಷಧಿಯ ಪಾಠ ಬಾಯಿಪಾಠವಾಗಿದೆ. ಅದು ರೋಗಾಣುವನ್ನು ಸಾಮಾನ್ಯವಾಗಿ ಕೊಲ್ಲುವುದಿಲ್ಲ. ಅದು ಪ್ರೋಟೀನ್ ಕಟ್ಟುವ ಜಾಗದಲ್ಲೇ ಹೋಗಿ ಕೂತುಬಿಡುತ್ತದೆ. ರೋಗಾಣು ಬದುಕಿರುತ್ತದೆ, ಬೆಳೆಯಲಾರದು. ಔಷಧಿ ಕಡಿಮೆಯಾದರೆ ಎದ್ದು ಮತ್ತೆ ಕೆಲಸಕ್ಕೆ ಹತ್ತುತ್ತದೆ. ಇನ್ನೊಂದು ಮಾತು: ಸಣ್ಣ ಮಕ್ಕಳಿಗೆ ಕೊಟ್ಟರೆ ಬೆಳೆಯುವ ಹಲ್ಲಿನೊಳಗೆ ಸೇರಿಕೊಂಡು ಅಲ್ಲೇ ಉಳಿಯುತ್ತದೆ. ಇಂಥ ದೀಪ ಹಿಡಿದರೆ ಹೊಳೆಯುತ್ತದೆ.

ಆದರೆ ನನಗೆ ಯಾವ ಡಾಕ್ಟರೂ ಅದನ್ನು ಬರೆದಿರಲಿಲ್ಲ. ಬರೆದದ್ದು ಅಕ್ಕ ಗಿರಿಜಾಗೆ. ಆಗ ಮಸ್ಕಿಯಲ್ಲಿದ್ದೆವು, ಆಕೆಗೆ ಹನ್ನೊಂದು, ನನಗೆ ನಾಲ್ಕು. ಅವ್ವ ಕ್ಯಾಪ್ಸೂಲ್ ಬಿಚ್ಚಿ, ಹಳದಿ ಪುಡಿಯನ್ನು ಎರಡು ಪಾಲು ಮಾಡಿ ಬೆಲ್ಲಕ್ಕೆ ಒತ್ತುತ್ತಿದ್ದಳು.

"ಅವಂಗ್ಯಾಕಬೇ? ಅವ ಆರಾಮ ಅದಾನಲ್ಲ?" ಎಂದಳು ಅಕ್ಕ.

"ನಿನ್ ಜ್ವರ ಅವಂಗ ಹತ್ತಬಾರ್ದು. ಸುಮ್ನ ತಿನ್ನು," ಎಂದಳು ಅವ್ವ.

ಅಕ್ಕ ನನ್ನ ಕಡೆ ತಿರುಗಿ ನಕ್ಕಳು. "ನನ್ ಪಾಲು ತಿಂದೀಯಲ್ಲಲೇ ಕಳ್ಳ! ದೊಡ್ಡಾಂವ ಆದಮ್ಯಾಲ ವಾಪಸ್ ಕೊಡು, ನೋಡು."

ಜ್ವರ ಇಳಿಯಿತು, ತಿರುಗಿ ಬಂತು. ಅಕ್ಕ ಉಳಿಯಲಿಲ್ಲ. ಪೂರ್ತಿ ತಿಂದಿದ್ದರೆ ಉಳಿಯುತ್ತಿದ್ದಳೇ? ಯಾವ ಪುಸ್ತಕವೂ ಹೇಳಲಿಲ್ಲ. ನಾನೂ ಅವ್ವನಿಗೆ ಈ ಪಾಠ ಹೇಳಿಲ್ಲ.

"ಅಣ್ಣಾರ, ಅದೀರೇನ್ರೀ?"

ಸಾಲಗುಂದದ ಹೆಣ್ಣುಮಗಳೊಬ್ಬಳು ಕೂಸನ್ನು ಎತ್ತಿಕೊಂಡು ಶಟರ್ ಕೆಳಗೆ ಬಗ್ಗಿ ಬಂದಳು. ಚೀಟಿ ಹನ್ನೆರಡು ವರ್ಷದ ಮಗಳದು. ಅದೇ ಬಳಗದ ಕ್ಯಾಪ್ಸೂಲ್. ಕೊಟ್ಟೆ.

"ಬಿಚ್ಚಿ ಇವಂಗೂ ಸ್ವಲ್ಪ ಹಾಕ್ತೀನ್ರಿ," ಎಂದಳು. "ಅಕ್ಕನ ಜ್ವರ ಹತ್ತಬಾರ್ದಲ್ರೀ."

ದೀಪ ಹತ್ತಿರಕ್ಕೆಳೆದು ನನ್ನ ಬಾಯಿ ಅಗಲಿಸಿ ಹಲ್ಲು ತೋರಿಸಿದೆ. ಕೂಸು ಕಿಲಕಿಲ ನಕ್ಕಿತು. ಆಕೆ ಎರಡು ಹೆಜ್ಜೆ ಹಿಂದೆ ಸರಿದಳು.

"ಶಿವನೇ! ಏನ್ರೀ ಅದು?"

"ನಮ್ಮಕ್ಕನ ಪಾಲ್ರೀ. ಸಣ್ಣಾಂವಿದ್ದಾಗ ನಾ ತಿಂದೆ. ನೀವು ಮಗಳಿಗೆ ಪೂರಾ ಕೊಡ್ರಿ. ಒಂದೂ ಬಿಚ್ಚಬ್ಯಾಡ್ರಿ."

ಆಕೆ ಕೂಸಿನ ಬಾಯನ್ನೊಮ್ಮೆ ನೋಡಿದಳು. "ಇಲ್ಲರೀ, ಬಿಚ್ಚಂಗಿಲ್ಲ," ಎಂದು ಪೊಟ್ಟಣವನ್ನು ಸೆರಗಿಗೆ ಕಟ್ಟಿಕೊಂಡು ಹೊರಟಳು.

ದೀಪ ಆರಿಸಿದೆ. ಗಾಜಿನೊಳಗೆ ಹಳದಿ ಸಾಲು ಇನ್ನೂ ಒಂದು ಗಳಿಗೆ ನಿಂತಿತ್ತು. ನಗುತ್ತಿತ್ತು. ನಾನು ಬಾಯಿ ಮುಚ್ಚಿಕೊಂಡಿದ್ದೆ.